ಸಾಲವಲ್ಲ, ಸಾಲು: ಕೆನಡಾದ ಸಂಸಾರಗಳ ದುಡ್ಡು ಮತ್ತು 23600

ಕೆನಡಾದ ಆಂಟೇರಿಯೊ ಪ್ರಾಂತ್ಯದ ಮಿಸ್ಸಿಸಾಗದ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಕನ್ನಡದ ಮನೆಗಳಿವೆ. ಎರಡೂ ಮನೆಯಲ್ಲಿ ಗಂಡ ಕೆಲಸಕ್ಕೆ ಹೋಗುತ್ತಾರೆ, ಹೆಂಡತಿ ಸದ್ಯಕ್ಕೆ ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿದ್ದಾರೆ. ಎರಡೂ ಕಡೆ 4 ಮತ್ತು 8 ವರ್ಷದ ಮಕ್ಕಳು. 2024ರಲ್ಲಿ ಇಬ್ಬರು ಗಂಡಂದಿರ ಸಂಬಳವೂ 62,000 ಡಾಲರ್. ಆದರೆ 2025ರ ಜುಲೈನಿಂದ ಮೊದಲ ಮನೆಗೆ ಮಕ್ಕಳ ಹಣ ಅಂತ ತಿಂಗಳಿಗೆ 998 ಡಾಲರ್ ಬರತೊಡಗಿತು. ಎರಡನೇ ಮನೆಗೆ ಬಂದದ್ದು 914.

ದೀಪಾವಳಿ ಊಟದ ಹೊತ್ತಿಗೆ ಈ ವಿಷಯ ಹೊರಗೆ ಬಂತು. "ಅದೇ ಸಂಬಳ, ಅದೇ ಮಕ್ಕಳು, ನಮಗ್ಯಾಕೆ ಕಮ್ಮಿ?" ಅಂತ ಎರಡನೇ ಮನೆಯವರು ಕೇಳಿದರು. ಸರ್ಕಾರ ಲೆಕ್ಕ ತಪ್ಪಿದೆ ಅಂತ ಅವರ ಅನುಮಾನ. ಲೆಕ್ಕ ತಪ್ಪಿರಲಿಲ್ಲ. (ಅವರ ಅಂಕಿಗಳನ್ನು ಇಲ್ಲಿ ಸ್ವಲ್ಪ ದುಂಡಗೆ ಮಾಡಿದ್ದೇನೆ. ಪ್ರಾಂತ್ಯ ಕೊಡುವ ಪಾಲನ್ನೂ ಬಿಟ್ಟಿದ್ದೇನೆ.) ವ್ಯತ್ಯಾಸ ಇದ್ದದ್ದು ತೆರಿಗೆ ರಿಟರ್ನಿನ ಒಂದೇ ಒಂದು ಸಾಲಿನಲ್ಲಿ. ಅದರ ನಂಬರ್ 23600.

ಕೆನಡಾದ ತೆರಿಗೆ ಫಾರ್ಮಿನಲ್ಲಿ ಮುಖ್ಯ ಸಾಲುಗಳಿಗೆ ಐದಂಕಿಯ ನಂಬರ್ ಇರುತ್ತದೆ. 15000 ಅಂದರೆ ಒಟ್ಟು ಆದಾಯ. ಅದರಲ್ಲಿ ಕೆಲವು ಬಾಬತ್ತು ಕಳೆದರೆ ಸಿಗುವುದು 23600, ಅಂದರೆ ನಿವ್ವಳ ಆದಾಯ. ಅಲ್ಲಿಂದ ಇನ್ನಷ್ಟು ಕೆಳಗೆ ಹೋದರೆ ತೆರಿಗೆ ಲೆಕ್ಕ ಬರುತ್ತದೆ. ನಾವೆಲ್ಲ ಕಣ್ಣಿಡುವುದು ಕೊನೆಯ ಸಾಲಿನ ಮೇಲೆ, ರಿಫಂಡ್ ಎಷ್ಟು ಅಂತ. ಸರ್ಕಾರ ಕಣ್ಣಿಡುವುದು ಮಧ್ಯದ ಈ ಸಾಲಿನ ಮೇಲೆ.

ಕೆನಡಾದಲ್ಲಿ ಗಂಡ ಹೆಂಡತಿ ಬೇರೆ ಬೇರೆಯಾಗಿ ರಿಟರ್ನ್ ಹಾಕುತ್ತಾರೆ, ಜಂಟಿ ರಿಟರ್ನ್ ಇಲ್ಲ. ಆದರೆ ಸವಲತ್ತು ಕೊಡುವಾಗ ಮಾತ್ರ ಇಬ್ಬರ 23600 ಕೂಡಿಸಿ ಒಂದು ಸಂಸಾರದ ಆದಾಯ ಅಂತ ನೋಡುತ್ತಾರೆ. ಮಕ್ಕಳ ಹಣ, ಮೂರು ತಿಂಗಳಿಗೊಮ್ಮೆ ಬರುವ ಜಿಎಸ್‌ಟಿ ಕ್ರೆಡಿಟ್, ಮಕ್ಕಳ ಓದಿನ ಖಾತೆಗೆ ಬರುವ ಹೆಚ್ಚುವರಿ ಅನುದಾನ, ಎಲ್ಲವೂ ಇದರ ಮೇಲೆಯೇ ನಿಂತಿದೆ. ತೆರಿಗೆ ಒಬ್ಬೊಬ್ಬರದು, ಸವಲತ್ತು ಮನೆಯದು.

ಈಗ ಮಕ್ಕಳ ಹಣದ ಲೆಕ್ಕ. ಕೆನಡಾ ಚೈಲ್ಡ್ ಬೆನಿಫಿಟ್, ಎಲ್ಲರ ಬಾಯಲ್ಲಿ ಸಿಸಿಬಿ, 2016ರ ಜುಲೈನಲ್ಲಿ ಶುರುವಾಯಿತು. ಸಾಮಾನ್ಯವಾಗಿ ತಿಂಗಳ 20ರ ಆಸುಪಾಸು ಖಾತೆಗೆ ಬೀಳುತ್ತದೆ. ಇದಕ್ಕೆ ತೆರಿಗೆ ಇಲ್ಲ. ಇದರ ವರ್ಷ ಜುಲೈನಿಂದ ಜೂನ್. 2025ರ ಜುಲೈನಿಂದ 2026ರ ಜೂನ್‌ವರೆಗೆ 6 ವರ್ಷದೊಳಗಿನ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 7,997 ಡಾಲರ್, 6ರಿಂದ 17ರ ಮಗುವಿಗೆ 6,748. ಆ ವರ್ಷದ ಲೆಕ್ಕದಲ್ಲಿ ಸಂಸಾರದ ಆದಾಯ 37,487 ದಾಟಿದ ಮೇಲೆ ಇದು ಕರಗತೊಡಗುತ್ತದೆ. ಇಬ್ಬರು ಮಕ್ಕಳಿದ್ದರೆ 81,222ರವರೆಗೆ ಪ್ರತಿ 100 ಡಾಲರಿಗೆ 13.50 ಡಾಲರ್ ಕಡಿಮೆಯಾಗುತ್ತದೆ. ಅದರ ಮೇಲೆ 5.70 ಡಾಲರ್. ಒಂದೇ ಮಗು ಇದ್ದರೆ ಇದೇ ದರ 7 ಮತ್ತು 3.20.

ನಮ್ಮ ಎರಡು ಮನೆಗಳಿಗೆ ಬರೋಣ. ಪೂರ್ತಿ ಹಣ ಸಿಕ್ಕಿದ್ದರೆ ಎರಡಕ್ಕೂ 14,745 ಡಾಲರ್ ಬರಬೇಕಿತ್ತು. ಸಂಬಳ 62,000 ಅಂತ ಇಟ್ಟುಕೊಂಡರೆ ಅದರಲ್ಲಿ 3,309 ಕರಗಿ 11,436 ಉಳಿಯುತ್ತದೆ, ತಿಂಗಳಿಗೆ 953. ಆದರೆ ಯಾರಿಗೂ 953 ಬರಲಿಲ್ಲ. ಒಬ್ಬರು ಅದಕ್ಕಿಂತ ಮೇಲೆ, ಒಬ್ಬರು ಕೆಳಗೆ. ಯಾಕೆಂದರೆ ಮೊದಲ ಮನೆಯವರು ತಮ್ಮ ಸಾಲನ್ನು 58,000ಕ್ಕೆ ಇಳಿಸಿಕೊಂಡಿದ್ದರು. ಎರಡನೆಯವರದು ಅವರಿಗೇ ಗೊತ್ತಿಲ್ಲದೆ 65,500ಕ್ಕೆ ಏರಿತ್ತು.

ಇಳಿಸಿದ್ದು ಆರ್‌ಆರ್‌ಎಸ್‌ಪಿ. ಇದು 1957ರಿಂದ ಇರುವ ನಿವೃತ್ತಿ ಉಳಿತಾಯದ ಖಾತೆ. ಹಿಂದಿನ ವರ್ಷದ ದುಡಿಮೆಯ ಶೇ. 18ರಷ್ಟನ್ನು ಇದರಲ್ಲಿ ಹಾಕಬಹುದು, ಮೇಲೊಂದು ಮಿತಿ ಇದೆ (2025ಕ್ಕೆ 32,490 ಡಾಲರ್). ಹಾಕದೆ ಉಳಿದ ಜಾಗ ಮುಂದಿನ ವರ್ಷಗಳಿಗೆ ಹೋಗುತ್ತದೆ. ಹಾಕಿದ ಹಣ 23600ಕ್ಕಿಂತ ಮೊದಲೇ ಆದಾಯದಿಂದ ಕಳೆಯುತ್ತದೆ. ಇದರಲ್ಲಿ ಒಂದು ಅನುಕೂಲ ಇದೆ. ವರ್ಷ ಮುಗಿದ ಮೇಲೂ 60 ದಿನ ಸಮಯ ಕೊಡುತ್ತಾರೆ. ಅಂದರೆ ಕೆಲಸ ಕೊಟ್ಟವರು ವರ್ಷದ ಸಂಬಳ ಬರೆದು ಕೊಡುವ ಟಿ4 ಸ್ಲಿಪ್ ಕೈಗೆ ಬಂದು, ನಿಮ್ಮ ಆದಾಯ ಎಷ್ಟು ಅಂತ ಖಚಿತವಾಗಿ ಗೊತ್ತಾದ ಮೇಲೆ ಎಷ್ಟು ಹಾಕಬೇಕು ಅಂತ ತೀರ್ಮಾನಿಸಬಹುದು.

ಮೊದಲ ಮನೆಯವರು 4,000 ಡಾಲರ್ ಹಾಕಿದರು. ಆಂಟೇರಿಯೊದಲ್ಲಿ ಅವರ ಆದಾಯದ ಮೇಲಿನ ಪದರಕ್ಕೆ ಕೇಂದ್ರದ 20.5, ಪ್ರಾಂತ್ಯದ 9.15, ಒಟ್ಟು ಶೇ. 29.65 ತೆರಿಗೆ. ಹಾಗಾಗಿ ತೆರಿಗೆಯಲ್ಲೇ 1,186 ಡಾಲರ್ ಉಳಿಯಿತು. ಸಾಲು 4,000 ಇಳಿದದ್ದರಿಂದ ಸಿಸಿಬಿ 540 ಡಾಲರ್ ಜಾಸ್ತಿಯಾಯಿತು. ಒಟ್ಟು 1,726. ಖಾತೆಯಲ್ಲಿ 4,000 ಅವರ ಹೆಸರಲ್ಲೇ ಇದೆ, ಕೈಯಿಂದ ನಿಜವಾಗಿ ಹೋದದ್ದು 2,274 ಅಷ್ಟೆ. ಬ್ಯಾಂಕಿನವರು ಆರ್‌ಆರ್‌ಎಸ್‌ಪಿ ಮಾರುವಾಗ ತೆರಿಗೆ ಉಳಿತಾಯದ ಬಗ್ಗೆ ಮಾತ್ರ ಹೇಳುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಈ ಎರಡನೇ ಲಾಭ ಇದೆ ಅಂತ ಹೇಳುವವರು ಕಡಿಮೆ.

"ನಿವೃತ್ತಿಯಾದ ಮೇಲೆ ತೆಗೆದಾಗ ಅದಕ್ಕೂ ತೆರಿಗೆ ಇದೆಯಲ್ವಾ?" ಅಂತ ನೀವು ಕೇಳಬಹುದು. ಇದೆ. ಆರ್‌ಆರ್‌ಎಸ್‌ಪಿಯಿಂದ ತೆಗೆದ ಹಣ ಆ ವರ್ಷದ ಆದಾಯಕ್ಕೆ ಸೇರುತ್ತದೆ, 23600 ಏರುತ್ತದೆ. ಆದರೆ ಆ ಹೊತ್ತಿಗೆ ಮಕ್ಕಳು ಬೆಳೆದು ಅವರವರ ದಾರಿ ಹಿಡಿದಿರುತ್ತಾರೆ. ಸಿಸಿಬಿಯೇ ಇಲ್ಲದ ಕಾಲದಲ್ಲಿ ಸಾಲು ಏರಿದರೆ ಅದು ಕರಗುವ ಪ್ರಶ್ನೆಯೇ ಬರುವುದಿಲ್ಲ. ಇದೇ ಕಾರಣಕ್ಕೆ ಮಕ್ಕಳು ಚಿಕ್ಕವರಿರುವಾಗ ಆರ್‌ಆರ್‌ಎಸ್‌ಪಿಯಿಂದ ಹಣ ತೆಗೆಯುವುದು ತೀರಾ ದುಬಾರಿ. ತೆರಿಗೆ ಹೋಗುತ್ತದೆ, ಸಿಸಿಬಿ ಹೋಗುತ್ತದೆ, ಹಾಕುವ ಜಾಗವೂ ಮತ್ತೆ ಸಿಗುವುದಿಲ್ಲ. ಮೊದಲ ಸಲ ಸ್ವಂತ ಮನೆ ಕೊಳ್ಳಲು 60,000 ಡಾಲರ್‌ವರೆಗೆ ತೆಗೆಯುವ ಯೋಜನೆ ಬೇರೆ. ಅದನ್ನು 15 ವರ್ಷಗಳಲ್ಲಿ ವಾಪಸ್ ತುಂಬಬೇಕು, ತೆಗೆದ ಹಣವನ್ನು ಆದಾಯ ಅಂತ ಎಣಿಸುವುದಿಲ್ಲ.

ಈಗ ಎರಡನೇ ಮನೆ. ಇವರು ಆರ್‌ಆರ್‌ಎಸ್‌ಪಿ ಹಾಕಿರಲಿಲ್ಲ, ಅದು ಅರ್ಧ ಕಥೆ. ಉಳಿದರ್ಧ ಬೆಂಗಳೂರಿನ ಬ್ಯಾಂಕಿನಲ್ಲಿತ್ತು. ಎನ್‌ಆರ್‌ಇ ಖಾತೆಯಲ್ಲಿ (ಹೊರದೇಶದಲ್ಲಿ ದುಡಿದದ್ದನ್ನು ಭಾರತದಲ್ಲಿ ಇಡುವ ಖಾತೆ) 30 ಲಕ್ಷದ ಎಫ್‌ಡಿ, ಶೇ. 7 ಬಡ್ಡಿ. ವರ್ಷಕ್ಕೆ 2.1 ಲಕ್ಷ ರೂಪಾಯಿ. ಕೆನಡಾ ಡಾಲರಿಗೆ 60 ರೂಪಾಯಿ ಅಂತ ಹಿಡಿದರೆ 3,500 ಡಾಲರ್.

ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ ಅನ್ನುವುದು ನಮ್ಮವರ ಬಾಯಲ್ಲಿ ಮಂತ್ರದ ಹಾಗೆ ಇದೆ. ಮಾತು ನಿಜ, ಆದರೆ ಅದು ಭಾರತದ ಕಾನೂನು. ಕೆನಡಾದಲ್ಲಿ ನೆಲೆಸಿದವರು ಜಗತ್ತಿನಲ್ಲಿ ಎಲ್ಲಿ ಗಳಿಸಿದ್ದನ್ನೂ ಇಲ್ಲಿ ತೋರಿಸಬೇಕು. ಭಾರತ ಬಿಟ್ಟುಕೊಟ್ಟ ತೆರಿಗೆಯನ್ನು ಕೆನಡಾ ಬಿಟ್ಟುಕೊಡುವುದಿಲ್ಲ. ಪಿಪಿಎಫ್ ಬಡ್ಡಿಯೂ ಹಾಗೇ. ಸಿರ್ಸಿ, ತೀರ್ಥಹಳ್ಳಿ ಕಡೆಯವರು ಗಮನಿಸಿ: ನಿಮ್ಮ ಹೆಸರಿನ ಅಡಿಕೆ ತೋಟದ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲದಿರಬಹುದು, ಇಲ್ಲಿ ಅದೂ ಆದಾಯವೇ.

ಭಾರತದಲ್ಲೇ ಹುಟ್ಟಿದ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿಗೆ ಭಾರತದಲ್ಲೇ ಟಿಡಿಎಸ್ ಹಿಡಿಯುತ್ತಾರೆ. ಎರಡು ದೇಶಗಳ ನಡುವಿನ ಒಪ್ಪಂದದಂತೆ ಬಡ್ಡಿಯ ಮೇಲೆ ಭಾರತ ಹಿಡಿಯಬಹುದಾದದ್ದು ಶೇ. 15. ಅಷ್ಟನ್ನು ಕೆನಡಾ ತನ್ನ ತೆರಿಗೆಯಲ್ಲಿ ಬಿಟ್ಟುಕೊಡುತ್ತದೆ. ಬ್ಯಾಂಕ್ ಸುಮ್ನೆ ಶೇ. 30ರ ಲೆಕ್ಕದಲ್ಲಿ ಹಿಡಿದಿದ್ದರೆ, ಹೆಚ್ಚಿನದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಕೇಳಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ರಿಯಾಯಿತಿ ಸಿಗುವುದು 23600 ದಾಟಿದ ಮೇಲೆ. ತೆರಿಗೆ ಎರಡೆರಡು ಸಲ ಬೀಳುವುದಿಲ್ಲ ಅನ್ನುವುದು ಸರಿ, ಆದರೆ ಸಾಲು ಏರುವುದು ಏರಿಯೇ ಏರುತ್ತದೆ.

ಎರಡನೇ ಮನೆಯ 3,500 ಡಾಲರ್ ಬಡ್ಡಿಯಲ್ಲಿ 1,038 ತೆರಿಗೆಗೆ ಹೋಯಿತು. 473 ಡಾಲರ್ ಸಿಸಿಬಿಯಲ್ಲಿ ಸದ್ದಿಲ್ಲದೆ ಕರಗಿತು. ಒಟ್ಟು 1,510ರ ಹತ್ತಿರ. ಶೇ. 7 ಅಂತ ಸಂತೋಷಪಟ್ಟಿದ್ದ ಬಡ್ಡಿ ನಿಜವಾಗಿ ಶೇ. 4ಕ್ಕೆ ಇಳಿದಿತ್ತು. ಡಾಲರ್ ಎದುರು ರೂಪಾಯಿ ಇಳಿದರೆ ಆ 4 ಕೂಡ ಪೂರ್ತಿ ನಿಲ್ಲುವುದಿಲ್ಲ.

ಇವರು ಪ್ರಾಮಾಣಿಕವಾಗಿ ತೋರಿಸಿದ್ದರು, ಅದೇ ಪುಣ್ಯ. ನಾನು ಮೊದಲ ವರ್ಷ ತೋರಿಸಿರಲಿಲ್ಲ. ಮೋಸ ಮಾಡುವ ಉದ್ದೇಶ ಇರಲಿಲ್ಲ, ಎನ್‌ಆರ್‌ಇ ಮಂತ್ರವನ್ನು ನಾನೂ ನಂಬಿದ್ದೆ. ಆಮೇಲೆ ಗೊತ್ತಾಗಿ ಹಳೆಯ ರಿಟರ್ನ್ ತಿದ್ದಿ ಕಳಿಸಿದೆ. ತೆರಿಗೆ ಬಾಕಿಯ ಪತ್ರ ಬರುತ್ತದೆ ಅಂತ ಕಾಯುತ್ತಿದ್ದೆ, ಬಂತು. ಅದರ ಹಿಂದೆಯೇ ಇನ್ನೊಂದು ಬಂತು: ಜಾಸ್ತಿ ಕೊಟ್ಟ ಸಿಸಿಬಿ ವಾಪಸ್ ಕಟ್ಟಿ ಅಂತ. ಸಾಲಿನ ಮಹಿಮೆ ನನಗೆ ಅರ್ಥವಾದದ್ದು ಆ ಎರಡನೇ ಪತ್ರದಿಂದ.

ಬಡ್ಡಿ ತೋರಿಸುವುದರಲ್ಲೂ ಎರಡು ತೊಡಕು ಇವೆ. ಭಾರತದ ಬ್ಯಾಂಕು ಕೊಡುವ ಬಡ್ಡಿ ಪತ್ರ ಏಪ್ರಿಲ್‌ನಿಂದ ಮಾರ್ಚ್‌ಗೆ ಇರುತ್ತದೆ, ಕೆನಡಾದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಹಾಗಾಗಿ ಸ್ಟೇಟ್‌ಮೆಂಟ್ ತೆಗೆದು ನೀವೇ ಕೂಡಿಸಬೇಕು. ಇನ್ನೊಂದು, ಐದು ವರ್ಷದ ಕ್ಯುಮುಲೇಟಿವ್ ಎಫ್‌ಡಿ. ಬಡ್ಡಿ ಕೈಗೆ ಬರುವುದು ಕೊನೆಗೆ ತಾನೇ, ಆಗ ತೋರಿಸಿದರಾಯಿತು ಅಂತ ಅಂದುಕೊಳ್ಳುತ್ತೇವೆ. ಇಲ್ಲ, ಆಯಾ ವರ್ಷ ಕೂಡಿದ ಬಡ್ಡಿಯನ್ನು ಆಯಾ ವರ್ಷವೇ ತೋರಿಸಬೇಕು. ಇದಲ್ಲದೆ ಹೊರದೇಶದಲ್ಲಿರುವ ಎಫ್‌ಡಿ, ಷೇರು, ಬಾಡಿಗೆಗೆ ಕೊಟ್ಟ ಫ್ಲ್ಯಾಟ್, ಎಲ್ಲದರ ಒಟ್ಟು ಖರೀದಿ ಬೆಲೆ (ಕೆನಡಾಕ್ಕೆ ಬರುವ ಮೊದಲೇ ಕೊಂಡದ್ದಾದರೆ ಬಂದ ದಿನದ ಬೆಲೆ) 1,00,000 ಕೆನಡಾ ಡಾಲರ್ ದಾಟಿದರೆ ಟಿ1135 ಅನ್ನುವ ಪ್ರತ್ಯೇಕ ಫಾರ್ಮ್ ತುಂಬಬೇಕು. ಮರೆತರೆ ದಿನಕ್ಕೆ 25 ಡಾಲರ್ ದಂಡ, 2,500ರವರೆಗೆ. ಕೆನಡಾಕ್ಕೆ ಹೊಸದಾಗಿ ಬಂದವರಿಗೆ ಮೊದಲ ವರ್ಷ ಇದರಿಂದ ವಿನಾಯಿತಿ ಇದೆ.

"ಎಫ್‌ಡಿ ಹೆಂಡತಿ ಹೆಸರಿಗೆ ಮಾಡಿಬಿಟ್ಟರೆ?" ಅಂತ ಊಟದ ಸಾಲಿನಲ್ಲಿ ಯಾರೋ ಕೇಳಿದರು. ಗಂಡ ದುಡಿದ ಹಣವನ್ನು ಹೆಂಡತಿ ಹೆಸರಲ್ಲಿ ಇಟ್ಟರೂ ಅದರ ಬಡ್ಡಿ ಸಾಮಾನ್ಯವಾಗಿ ಗಂಡನ ಆದಾಯ ಅಂತಲೇ ಲೆಕ್ಕ. ಇನ್ನು ಸಿಸಿಬಿಗೆ ಇಬ್ಬರದನ್ನೂ ಕೂಡಿಸುವುದರಿಂದ ಯಾರ ಹೆಸರಲ್ಲಿದ್ದರೂ ಒಂದೇ.

ಹಾಗಾದರೆ ಯಾವುದು ಸಾಲನ್ನು ಇಳಿಸುತ್ತದೆ, ಯಾವುದು ಮುಟ್ಟುವುದೇ ಇಲ್ಲ? ನಮ್ಮವರು ಭಾರತದ 80ಸಿ ತೆರಿಗೆ ರಿಯಾಯಿತಿಯ ಅಭ್ಯಾಸ ಹೊತ್ತುಕೊಂಡು ಬರುತ್ತಾರೆ. ಎಲ್‌ಐಸಿ ಕಂತು, ಪಿಪಿಎಫ್, ಮನೆ ಸಾಲ, ಎಲ್ಲಕ್ಕೂ ಇಲ್ಲೂ ಏನಾದರೂ ಸಿಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ನೀವೇ ವಾಸವಿರುವ ಮನೆಯ ಸಾಲದ ಬಡ್ಡಿಗೂ ಇಲ್ಲಿ ರಿಯಾಯಿತಿ ಇಲ್ಲ. ಊರಿಗೆ ಅಪ್ಪ ಅಮ್ಮನಿಗೆ ಕಳಿಸುವ ಹಣಕ್ಕೂ ಇಲ್ಲ. ದಾನ ಮತ್ತು ವೈದ್ಯಕೀಯ ಖರ್ಚಿಗೆ ಕ್ರೆಡಿಟ್ ಇದೆ, ಆದರೆ ಅದು ಕೊನೆಯಲ್ಲಿ ತೆರಿಗೆಯಿಂದ ಕಳೆಯುವುದು. ಹಾಗಾಗಿ ನೋಂದಾಯಿತ ದೇವಸ್ಥಾನಕ್ಕೆ 500 ಡಾಲರ್ ಕೊಟ್ಟರೆ ತೆರಿಗೆ ಇಳಿಯುತ್ತದೆ, 23600 ಅಲ್ಲಾಡುವುದಿಲ್ಲ.

ಮಕ್ಕಳನ್ನು ನೋಡಿಕೊಳ್ಳುವ ಖರ್ಚು ಸಾಲನ್ನು ಇಳಿಸುತ್ತದೆ. ಇಬ್ಬರೂ ದುಡಿಯುವ ಮನೆಗಳಲ್ಲಿ ಡೇಕೇರ್, ಬೇಸಿಗೆ ಕ್ಯಾಂಪಿಗೆ ಕೊಟ್ಟದ್ದನ್ನು 7 ವರ್ಷದೊಳಗಿನ ಮಗುವಿಗೆ 8,000, ಅದಕ್ಕಿಂತ ದೊಡ್ಡ ಮಗುವಿಗೆ 16ರವರೆಗೆ 5,000 ಡಾಲರ್‌ವರೆಗೆ ಕಳೆಯಬಹುದು. ಸಾಮಾನ್ಯವಾಗಿ ಕಡಿಮೆ ಆದಾಯ ಇರುವವರೇ ಇದನ್ನು ತೋರಿಸಬೇಕು. ತೆರಿಗೆಯೇ ಅಷ್ಟಿಲ್ಲ, ಅವರ ಹೆಸರಲ್ಲಿ ತೋರಿಸಿ ಏನು ಬಂತು ಅಂತ ರಸೀದಿ ಎಸೆಯುವವರನ್ನು ನೋಡಿದ್ದೇನೆ. ಎಸೆಯಬೇಡಿ. ಸಂಸಾರದ ಒಟ್ಟು ಇಳಿಯುತ್ತದೆ.

ಹೊಸಬರಿಗೆ ಆರ್‌ಆರ್‌ಎಸ್‌ಪಿ ಮೊದಲ ವರ್ಷ ಕೈಗೆಟುಕುವುದಿಲ್ಲ. ಹಿಂದಿನ ವರ್ಷ ಕೆನಡಾದಲ್ಲಿ ದುಡಿದಿಲ್ಲವಾದ್ದರಿಂದ ಜಾಗ ಸೊನ್ನೆ. ಅಂಥವರಿಗೆ 2023ರ ಏಪ್ರಿಲ್‌ನಲ್ಲಿ ಬಂದ ಎಫ್‌ಎಚ್‌ಎಸ್‌ಎ ಒಳ್ಳೆಯ ದಾರಿ. ಮೊದಲ ಸ್ವಂತ ಮನೆಗಾಗಿ ಉಳಿಸುವ ಖಾತೆ. ತೆರೆದ ವರ್ಷವೇ 8,000 ಡಾಲರ್ ಹಾಕಬಹುದು, ಒಟ್ಟು 40,000. ಹಾಕಿದಾಗ 23600 ಇಳಿಯುತ್ತದೆ, ಮನೆಗಾಗಿ ತೆಗೆದಾಗ ತೆರಿಗೆ ಇಲ್ಲ. ಮನೆ ಕೊಳ್ಳಲೇ ಇಲ್ಲ ಅಂದರೆ ಆರ್‌ಆರ್‌ಎಸ್‌ಪಿಗೆ ದಾಟಿಸಬಹುದು, ಅಲ್ಲಿನ ಜಾಗ ಖರ್ಚಾಗುವುದಿಲ್ಲ. ಆದರೆ ಇದಕ್ಕೆ 60 ದಿನದ ಹೆಚ್ಚುವರಿ ಗಡುವು ಇಲ್ಲ, ಡಿಸೆಂಬರ್ 31ರೊಳಗೆ ಹಾಕಬೇಕು. ಇನ್ನೊಂದು ಕೊಕ್ಕೆ ನಮ್ಮಂಥವರಿಗೇ ಇಟ್ಟ ಹಾಗಿದೆ. ಈ ವರ್ಷ ಅಥವಾ ಹಿಂದಿನ ನಾಲ್ಕು ವರ್ಷಗಳಲ್ಲಿ ನೀವು, ನಿಮ್ಮ ಅಥವಾ ಸಂಗಾತಿಯ ಸ್ವಂತ ಮನೆಯಲ್ಲಿ ವಾಸ ಮಾಡಿದ್ದರೆ ಈ ಖಾತೆ ತೆರೆಯುವ ಹಾಗಿಲ್ಲ. ಆ ಮನೆ ಬೆಂಗಳೂರಿನಲ್ಲಿ ಇದ್ದರೂ ಲೆಕ್ಕಕ್ಕೆ ಬರುತ್ತದೆ. ಸ್ವಂತ ಮನೆ ಇದ್ದೂ ಅದನ್ನು ಬಾಡಿಗೆಗೆ ಕೊಟ್ಟು ತಾವು ಬಾಡಿಗೆ ಮನೆಯಲ್ಲಿದ್ದವರಿಗೆ ಈ ತೊಂದರೆ ಇಲ್ಲ.

ಸಾಲನ್ನು ಏರಿಸದೆ ಇಳಿಸದೆ ಸುಮ್ಮನೆ ಇರುವುದು ಟಿಎಫ್‌ಎಸ್‌ಎ, ಅಂದರೆ ತೆರಿಗೆ ಇಲ್ಲದ ಉಳಿತಾಯ ಖಾತೆ. 2009ರಲ್ಲಿ ಶುರುವಾದದ್ದು. ಹಾಕುವಾಗ ಏನೂ ಸಿಗುವುದಿಲ್ಲ. ಆದರೆ ಒಳಗೆ ಬೆಳೆದದ್ದಕ್ಕೂ ತೆಗೆದದ್ದಕ್ಕೂ ತೆರಿಗೆ ಇಲ್ಲ, ಯಾವ ಸಾಲಿನಲ್ಲೂ ಕಾಣಿಸುವುದಿಲ್ಲ. ಹೆಸರಿನಲ್ಲಿ ಉಳಿತಾಯ ಅಂತ ಇದ್ದರೂ ಷೇರು, ಮ್ಯೂಚುಯಲ್ ಫಂಡ್ ಎಲ್ಲವನ್ನೂ ಇಡಬಹುದು. 2025ಕ್ಕೆ ಒಟ್ಟು 1,02,000 ಡಾಲರ್ ಹಾಕಬಹುದು ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು 2009ಕ್ಕೇ 18 ತುಂಬಿ, ಅಂದಿನಿಂದ ಇಲ್ಲೇ ಇರುವವರಿಗೆ. ನಿಮ್ಮ ಲೆಕ್ಕ ನೀವು ಬಂದು ನೆಲೆಸಿದ ವರ್ಷದಿಂದ. 2020ರಲ್ಲಿ ಬಂದವರಿಗೆ 2025ರವರೆಗೆ 38,500 ಅಷ್ಟೆ. ಜಾಸ್ತಿ ಹಾಕಿದರೆ, ಆ ಜಾಸ್ತಿ ಹಣದ ಮೇಲೆ ತಿಂಗಳಿಗೆ ಶೇ. 1 ದಂಡ. ತೆಗೆದ ಹಣದ ಜಾಗ ವಾಪಸ್ ಸಿಗುವುದು ಮುಂದಿನ ಜನವರಿ 1ಕ್ಕೆ. ಮಾರ್ಚ್‌ನಲ್ಲಿ ತೆಗೆದು ಜೂನ್‌ನಲ್ಲಿ ತುಂಬಲು ಹೋದವರು ಇದೇ ದಂಡಕ್ಕೆ ಸಿಕ್ಕಿಬೀಳುತ್ತಾರೆ.

ಮಕ್ಕಳ ಓದಿನ ಖಾತೆಯಾದ ಆರ್‌ಇಎಸ್‌ಪಿ ಕೂಡ ಸಾಲನ್ನು ಮುಟ್ಟುವುದಿಲ್ಲ, ಆದರೆ ಸಿಸಿಬಿ ಬಂದ ಹಣ ಹೋಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ. ಒಂದು ಮಗುವಿಗೆ ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಸೇರಿಸುತ್ತದೆ. ಒಂದು ಮಗುವಿಗೆ ಒಟ್ಟು 7,200 ಡಾಲರ್‌ವರೆಗೆ. ಸಂಸಾರದ ಆದಾಯ ಕಡಿಮೆ ಇದ್ದರೆ ಪ್ರತಿ ವರ್ಷದ ಮೊದಲ 500 ಡಾಲರಿನ ಮೇಲೆ ಇನ್ನೂ ಶೇ. 10 ಅಥವಾ 20 ಕೊಡುತ್ತಾರೆ. ಆದಾಯ ಯಾವುದು? ಮತ್ತೆ ಅದೇ ಸಾಲು.

ಇಷ್ಟೆಲ್ಲ ಲೆಕ್ಕ ನಡೆಯಬೇಕಾದರೆ ಇಬ್ಬರೂ ಪ್ರತಿ ವರ್ಷ ಏಪ್ರಿಲ್ 30ರೊಳಗೆ ರಿಟರ್ನ್ ಹಾಕಿರಬೇಕು. ಹೆಂಡತಿಗೆ ಒಂದು ಡಾಲರ್ ಆದಾಯ ಇಲ್ಲದಿದ್ದರೂ ಸೊನ್ನೆ ಅಂತ ಹಾಕಬೇಕು. ಇಲ್ಲದಿದ್ದರೆ ಜುಲೈನಲ್ಲಿ ಸಿಸಿಬಿ ನಿಲ್ಲುತ್ತದೆ. ತಾಯಿ ಮಕ್ಕಳ ಜೊತೆ ಇದ್ದರೆ ಸಾಮಾನ್ಯವಾಗಿ ಹಣ ಬರುವುದು ತಾಯಿಯ ಹೆಸರಿಗೇ, ಆದರೂ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕದೆ ಉಳಿಯುವುದು ತಾಯಿಯದೇ. ಪಿಆರ್ (ಕಾಯಂ ವಾಸದ ಅನುಮತಿ) ಇರುವವರು ಬಂದ ಕೂಡಲೇ ಸಿಸಿಬಿಗೆ ಅರ್ಜಿ ಹಾಕಬಹುದು. ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್ ಮೇಲೆ ಬಂದವರು 18 ತಿಂಗಳು ಇಲ್ಲಿ ಇದ್ದು, 19ನೇ ತಿಂಗಳಲ್ಲೂ ಪರ್ಮಿಟ್ ಚಾಲ್ತಿಯಲ್ಲಿರಬೇಕು. ಗಂಡ ಅಥವಾ ಹೆಂಡತಿ ಇನ್ನೂ ಊರಿನಲ್ಲೇ ಕೆಲಸದಲ್ಲಿದ್ದರೆ ಅವರ ಅಲ್ಲಿನ ಆದಾಯವನ್ನೂ ತಿಳಿಸಬೇಕು.

ಎರಡನೇ ಮನೆಯವರ ಎಫ್‌ಡಿ 2025ರ ನವೆಂಬರಿಗೆ ಮುಗಿಯುವುದಿತ್ತು. ಅವರು ಬಂದದ್ದು 2020ರಲ್ಲಿ, ಹಾಗಾಗಿ ಇಬ್ಬರ ಟಿಎಫ್‌ಎಸ್‌ಎ ಸೇರಿ 77,000 ಡಾಲರ್ ಜಾಗ ಖಾಲಿ ಇತ್ತು. ಗಂಡ ಹೆಂಡತಿಗೆ ಹಣ ಕೊಟ್ಟು ಅವರ ಟಿಎಫ್‌ಎಸ್‌ಎ ತುಂಬಿಸಲು ಅಡ್ಡಿಯಿಲ್ಲ. ಎನ್‌ಆರ್‌ಇ ಹಣವನ್ನು ಇಲ್ಲಿಗೆ ತರಲೂ ತಡೆಯಿಲ್ಲ. 30 ಲಕ್ಷ ಅಂದರೆ 50,000 ಡಾಲರ್, ಪೂರ್ತಿ ಹಿಡಿಸುತ್ತಿತ್ತು. ಆದರೆ ಆ ಎಫ್‌ಡಿ ಇಟ್ಟದ್ದೇ ಊರಿನಲ್ಲಿರುವ ಅಮ್ಮನಿಗೆ ಆಸ್ಪತ್ರೆ ಖರ್ಚು ಅಂತ ಬಂದರೆ ಇರಲಿ ಎಂದು. ಅದನ್ನು ಯಾವ ಸಾಲಿನಲ್ಲಿ ಬರೆಯೋಣ?

ಅರ್ಧ ಅಲ್ಲೇ ಇರಲಿ, ಅರ್ಧ ತರೋಣ ಅಂತ ಆಗ ತೀರ್ಮಾನವಾಯಿತು. 2025ರ ಲೆಕ್ಕಕ್ಕೆ 2026ರ ಮಾರ್ಚ್ 2ರೊಳಗೆ ಸ್ವಲ್ಪ ಆರ್‌ಆರ್‌ಎಸ್‌ಪಿ ಕೂಡ ಹಾಕುತ್ತೇವೆ ಅಂದರು. "ಆರ್‌ಆರ್‌ಎಸ್‌ಪಿದು ಸರಿ. ಅರ್ಧ ಎಫ್‌ಡಿ ತಂದರೆ ಮುಂದಿನ ಜುಲೈಗೆ ಎಷ್ಟು ಜಾಸ್ತಿ ಬರುತ್ತೆ?" ಅಂತ ಅವರ ಹೆಂಡತಿ ಕೇಳಿದರು. ತಿಂಗಳಿಗೆ 20 ಡಾಲರ್ ಹತ್ತಿರ ಅಂದೆ. ಆದರೆ ಮುಂದಿನ ಜುಲೈಗಲ್ಲ. ಬಡ್ಡಿ ಕಡಿಮೆಯಾಗುವುದು 2026ರಲ್ಲಿ, ಅದರ ರಿಟರ್ನ್ ಹಾಕುವುದು 2027ರ ಏಪ್ರಿಲ್‌ನಲ್ಲಿ, ಹಣ ಬದಲಾಗುವುದು ಆ ವರ್ಷದ ಜುಲೈಗೆ.